ಯುಎಇಗೆ ಹೊರಟವರ ಕಿಸೆಯಲ್ಲಿ ಇರಬೇಕಾದ ನಂಬರ್‌ಗಳು: ಯಾವ ಕಷ್ಟಕ್ಕೆ ಯಾರಿಗೆ ಕರೆ, ಕೈಯಲ್ಲಿ ಏನಿರಬೇಕು

ದುಬೈನ ಅಲ್ ಕುಸೈಸ್‌ನಲ್ಲಿ ನಾವು ಆರು ಜನ ಒಂದೇ ಕೋಣೆಯಲ್ಲಿದ್ದೆವು. ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಕೆಳಗಿನ ಮಂಚದ ಕುಂದಾಪುರದ ಅಣ್ಣನಿಗೆ ಎದೆನೋವು ಶುರುವಾಯಿತು. ಬನಿಯನ್ ತೊಯ್ದು ಮೈಗೆ ಅಂಟಿಕೊಳ್ಳುವಷ್ಟು ಬೆವರು. ನಾನು 998ಕ್ಕೆ ಕರೆ ಮಾಡಿದೆ. ಕೂಡಲೇ ಎತ್ತಿದರು, ಎಲ್ಲಿದ್ದೀರಿ ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು, 'ಬಕಾಲಾದ ಹಿಂದೆ ದೊಡ್ಡ ಪಾರ್ಕಿಂಗ್ ಇದೆಯಲ್ಲ, ಅದರ ಎದುರಿನ ಕಟ್ಟಡ'. ಬಕಾಲಾ ಎಂದರೆ ಅಲ್ಲಿನ ಕಿರಾಣಿ ಅಂಗಡಿ. ಅಂಥ ಕಟ್ಟಡಗಳು ಆ ಊರಿನಲ್ಲಿ ಸಾವಿರ ಇವೆ. ಕೆಳಗೆ ಓಡಿದಾಗ ವಾಚ್‌ಮನ್ ಬಾಗಿಲ ಪಕ್ಕದ ಗೋಡೆಗೆ ಬಡಿದಿದ್ದ ಅಂಗೈಯಗಲದ ಫಲಕವನ್ನು ತೋರಿಸಿದ. ಅದರ ಮೇಲೆ ಹತ್ತು ಅಂಕಿಗಳಿದ್ದವು. ಅವನ್ನು ಓದಿ ಹೇಳಿದ್ದೇ ತಡ, ವಿಳಾಸದ ಪ್ರಶ್ನೆ ನಿಂತುಹೋಯಿತು. ಆಂಬುಲೆನ್ಸ್ ನೇರವಾಗಿ ನಮ್ಮ ಬಾಗಿಲಿಗೆ ಬಂತು. ಅಣ್ಣ ಉಳಿದರು.

ಎರಡು ವರ್ಷ ಪ್ರತಿದಿನ ಆ ಫಲಕದ ಪಕ್ಕದಲ್ಲೇ ಓಡಾಡಿದ್ದೆ, ಒಮ್ಮೆಯೂ ಓದಿರಲಿಲ್ಲ. ಆ ರಾತ್ರಿಯ ಮೇಲೆ ನನಗೆ ಅರ್ಥವಾದದ್ದು ಇಷ್ಟು: ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಫೋನ್ ಎತ್ತಿದವರು ಮೊದಲು ಏನು ಕೇಳುತ್ತಾರೆ, ಆಗ ನಮ್ಮ ಕೈಯಲ್ಲಿ ಯಾವ ಕಾಗದ, ಯಾವ ಅಂಕಿ ಇರಬೇಕು ಎಂಬುದು ಇನ್ನರ್ಧ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ದುಡಿಯಲು, ವ್ಯಾಪಾರ ಮಾಡಲು ಹೊರಟಿರುವ ನಮ್ಮವರಿಗಾಗಿ ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಓದುತ್ತಾ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ.

ಹಂತ 1: ನಂಬರ್ ನೋಡಿ ಅದು ಎಲ್ಲಿಯದೆಂದು ತಿಳಿಯುವುದು

ಯುಎಇಯ ದೇಶದ ಕೋಡ್ 971. ದುಬೈಗೆ 04, ಅಬುಧಾಬಿಗೆ 02, ಅಲ್ ಐನ್‌ಗೆ 03, ಶಾರ್ಜಾ, ಅಜ್ಮಾನ್, ಉಮ್ ಅಲ್ ಕುವೈನ್ ಮೂರಕ್ಕೂ 06, ರಾಸ್ ಅಲ್ ಖೈಮಾಕ್ಕೆ 07, ಫುಜೈರಾಕ್ಕೆ 09. ಮೊಬೈಲ್ ನಂಬರ್‌ಗಳು 050, 052, 054, 055, 056, 058 ಹೀಗೆ 05ರಿಂದ ಶುರುವಾಗುತ್ತವೆ. ಊರಿನಿಂದ ಕರೆ ಮಾಡುವಾಗ ಮುಂದಿನ ಸೊನ್ನೆಯನ್ನು ಬಿಡಬೇಕು. ದುಬೈನ 04 ಆಗ +971 4 ಆಗುತ್ತದೆ. ಮನೆಯವರು ಈ ಸೊನ್ನೆಯನ್ನು ಸೇರಿಸಿ ಒತ್ತಿ, ಕರೆ ಹೋಗುತ್ತಿಲ್ಲವೆಂದು ಗಾಬರಿಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

800ರಿಂದ ಶುರುವಾಗುವವು ದೇಶದೊಳಗೆ ಉಚಿತ ಕರೆಗಳು. 600ರಿಂದ ಶುರುವಾಗುವುದಕ್ಕೆ ಹಣ ಕಡಿತವಾಗುತ್ತದೆ, ಹಾಗಾಗಿ ಸಿಮ್‌ನಲ್ಲಿ ಸ್ವಲ್ಪ ಹಣ ಇರಲಿ. ಹಲವು 800 ನಂಬರ್‌ಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಹೆಣೆದಿದ್ದಾರೆ. ಫೋನ್ ಕೀಲಿಮಣೆಯಲ್ಲಿ 'ಇಂಡಿಯಾ' ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೆ 46342 ಬರುತ್ತದೆ. 800 46342 ಭಾರತೀಯರ ಸಹಾಯವಾಣಿ. ಅಕ್ಷರ ನೆನಪಿದ್ದರೆ ಅಂಕಿ ತಾನಾಗಿ ಬರುತ್ತದೆ.

ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಹುಡುಕಿದಾಗ ಮೇಲೆಯೇ ಕಾಣುವ 'ಕಸ್ಟಮರ್ ಕೇರ್' ನಂಬರ್‌ಗಳಲ್ಲಿ ಕಳ್ಳರು ಇಟ್ಟವೂ ಇರುತ್ತವೆ. ಅಲ್ಲಿನ ಸರ್ಕಾರದ ಅಧಿಕೃತ ತಾಣ ಯು ಡಾಟ್ ಎಇ. ನಂಬರ್ ಬದಲಾಗಿದೆಯೇ ಎಂಬ ಅನುಮಾನ ಬಂದರೆ ಅಲ್ಲಿ ನೋಡಿ. ಪೊಲೀಸ್ ಎಂದು ಹೇಳಿಕೊಂಡು ಫೋನಿನಲ್ಲಿ ಓಟಿಪಿ ಕೇಳುವವರು ಪೊಲೀಸರಲ್ಲ. ಕೂಡಲೇ ಕರೆ ಕತ್ತರಿಸಿ.

ಹಂತ 2: ವಿಮಾನ ಹತ್ತುವ ಮೊದಲು, ಊರಿನಲ್ಲೇ

ಗಲ್ಫ್‌ಗೆ ಹೋದವರ ಕಷ್ಟದ ಬೇರು ಬಹುಪಾಲು ಊರಿನಲ್ಲೇ ಇರುತ್ತದೆ. ಏಜೆಂಟ್ ನಿಜವಾದವನೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟರ ಪಟ್ಟಿ ಅಲ್ಲಿದೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಒಂದೂವರೆ ಲಕ್ಷ ಕೇಳುವವನು ನಿಮ್ಮ ದುಡ್ಡನ್ನು ಕದಿಯುತ್ತಿದ್ದಾನೆ. ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ವೆಚ್ಚವನ್ನು ಮಾಲೀಕನೇ ಭರಿಸಬೇಕು. ಕೆಲಸಗಾರನಿಂದ ನೇರವಾಗಿಯೂ ಸುತ್ತುಬಳಸಿಯೂ ವಸೂಲಿ ಮಾಡುವಂತಿಲ್ಲ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅವರು ಕೆಲಸಕ್ಕೆಂದು ಯುಎಇಗೆ ಹೋಗಲು ವಲಸೆ ಅನುಮತಿ ಪಡೆಯಬೇಕು. ಇದಕ್ಕೆ ಬೆಂಗಳೂರಿನಲ್ಲಿಯೇ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿ ಇದೆ. ಇದರ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಬರುತ್ತದೆ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ. 'ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ' ಎಂದು ಏಜೆಂಟ್ ಹೇಳಿದರೆ ನೀವು ಈ ಅನುಮತಿಯನ್ನೂ ಈ ವಿಮೆಯನ್ನೂ ಕಳೆದುಕೊಳ್ಳುತ್ತೀರಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ಕೇಳುವ ದಾರಿಯೂ ಕಿರಿದಾಗುತ್ತದೆ.

ಕೈಗೆ ಬಂದ ಕೆಲಸದ ಪತ್ರ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ಮೂರು ದಾರಿಗಳಿವೆ. ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯದ ಆಫರ್ ಲೆಟರ್ ಆಗಿದ್ದರೆ ಅದರ ಮೇಲೆ ನಂಬರ್ ಇರುತ್ತದೆ, ಸಚಿವಾಲಯದ ತಾಣದ ವಿಚಾರಣಾ ಪುಟದಲ್ಲಿ ಹಾಕಿ ನೋಡಬಹುದು. ಕಂಪನಿ ಇದೆಯೇ ಎಂಬುದನ್ನು ಆ ದೇಶದ ರಾಷ್ಟ್ರೀಯ ಆರ್ಥಿಕ ನೋಂದಣಿಯಲ್ಲಿ ಹೆಸರು ಹಾಕಿ ಹುಡುಕಬಹುದು. ಎರಡರಲ್ಲೂ ತೃಪ್ತಿಯಾಗದಿದ್ದರೆ ಪತ್ರದ ಪ್ರತಿಯನ್ನು ದುಬೈನ ಭಾರತೀಯ ಕಾನ್ಸುಲೇಟ್‌ಗೆ ಮಿಂಚಂಚೆಯಲ್ಲಿ ಕಳಿಸಿ ಕೇಳಿ. ಊರಿನಿಂದ ಮಾಡಬಹುದಾದ ಉಚಿತ ಕರೆ 1800 11 3090. ಇದು ವಿದೇಶಾಂಗ ಸಚಿವಾಲಯದ ಸಹಾಯವಾಣಿ, ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ. ಇದನ್ನು ಮನೆಯವರ ಫೋನಿನಲ್ಲೂ ಉಳಿಸಿಡಿ, ಏಕೆಂದರೆ ಅಲ್ಲಿನ 800 ನಂಬರ್‌ಗಳು ಸಾಮಾನ್ಯವಾಗಿ ಊರಿನಿಂದ ಸಿಗುವುದಿಲ್ಲ.

ಪೆಟ್ಟಿಗೆ ಕಟ್ಟುವಾಗಲೂ ಒಂದು ಮಾತು. ಅಮ್ಮ ಪ್ರೀತಿಯಿಂದ ಕಟ್ಟಿಕೊಡುವ ಗಸಗಸೆ ಅಲ್ಲಿ ನಿಷಿದ್ಧ ವಸ್ತು. ಪಾಯಸಕ್ಕೆಂದು ಇಟ್ಟ ಒಂದು ಹಿಡಿ ಗಸಗಸೆಯಿಂದ ಜೈಲಿನ ಬಾಗಿಲು ಕಾಣಬೇಕಾದೀತು. ವೀಳ್ಯದೆಲೆಯನ್ನೂ ಒಯ್ಯಬೇಡಿ. ನೋವಿನ ಮಾತ್ರೆ, ನಿದ್ದೆ ಮಾತ್ರೆ, ಕೆಮ್ಮಿನ ಔಷಧಿಗಳಲ್ಲಿ ಟ್ರಮಡಾಲ್, ಕೋಡೀನ್ ಇದ್ದರೆ ಮೊದಲೇ ಅಲ್ಲಿನ ಆರೋಗ್ಯ ಸಚಿವಾಲಯದ ಅನುಮತಿ ಬೇಕು. ಅಲ್ಲಿ ಸಚಿವಾಲಯದ ನಂಬರ್ 800 11111. ವೈದ್ಯರ ಚೀಟಿಯನ್ನು ಔಷಧಿಯ ಜೊತೆಗೇ ಇಡಿ. 60,000 ದಿರ್ಹಮ್‌ಗಿಂತ ಹೆಚ್ಚು ಮೊತ್ತದ ನಗದು ಇದ್ದರೆ ಘೋಷಿಸಬೇಕು.

ಹಂತ 3: ಜೀವಕ್ಕೆ ಕುತ್ತು ಬಂದಾಗ

ಪೊಲೀಸ್ 999. ಆಂಬುಲೆನ್ಸ್ 998. ಅಗ್ನಿಶಾಮಕ 997. ಕರಾವಳಿ ಕಾವಲು 996. ದೇಶದ ಏಳು ಎಮಿರೇಟ್‌ಗಳಲ್ಲಿಯೂ, ಅಂದರೆ ಸಂಸ್ಥಾನಗಳಲ್ಲಿಯೂ, ಇವೇ. ಗಡಿಬಿಡಿಯಲ್ಲಿ ಎಲ್ಲ ಮರೆತರೆ 999 ಒಂದು ನೆನಪಿರಲಿ.

ಕೈಯಲ್ಲಿ ಇರಬೇಕಾದದ್ದು ನೀವಿರುವ ಜಾಗದ ಗುರುತು. ಆ ದೇಶದಲ್ಲಿ ಅಂಚೆ ಮನೆಬಾಗಿಲಿಗೆ ಬರುವುದಲ್ಲ, ಪೋಸ್ಟ್ ಬಾಕ್ಸ್‌ಗೆ ಬರುತ್ತದೆ. ಹಾಗಾಗಿ ನಮ್ಮ ಊರಿನಂತೆ ಮನೆ ನಂಬರ್, ಅಡ್ಡರಸ್ತೆ ಹೇಳಿ ಅಭ್ಯಾಸವಿರುವುದಿಲ್ಲ. ದುಬೈನಲ್ಲಿ 2015ರಲ್ಲಿ ಬಂದ ಮಕಾನಿ ವ್ಯವಸ್ಥೆ ಈ ಕೊರತೆಯನ್ನು ತುಂಬಿತು. ಪ್ರತಿ ಕಟ್ಟಡದ ಬಾಗಿಲಿಗೂ ಹತ್ತು ಅಂಕಿಯ ಗುರುತು. ಇಂದೇ ಕೆಳಗಿಳಿದು ನಿಮ್ಮ ಕಟ್ಟಡದ ಮಕಾನಿ ಅಂಕಿಯನ್ನು ಬರೆದುಕೊಂಡು ಬಂದು ಕೋಣೆಯ ಬಾಗಿಲ ಒಳಬದಿಗೆ ಅಂಟಿಸಿ. ಕೆಲಸದ ಜಾಗದ್ದನ್ನೂ ಬರೆದುಕೊಳ್ಳಿ. ಬೇರೆ ಎಮಿರೇಟ್‌ಗಳಲ್ಲಿ ಇದ್ದರೆ ಕಟ್ಟಡದ ಹೆಸರು, ರಸ್ತೆಯ ಹೆಸರು, ಹತ್ತಿರದ ಮಸೀದಿಯ ಹೆಸರು ಇಷ್ಟನ್ನಾದರೂ ಇಂಗ್ಲಿಷಿನಲ್ಲಿ ಬರೆದಿಡಿ. ಇಂಗ್ಲಿಷ್ ಬಾರದಿದ್ದರೆ 'ಹಿಂದಿ' ಎಂದು ಹೇಳಿ.

ತುರ್ತಲ್ಲದ ವಿಷಯಕ್ಕೆ ದುಬೈ ಮತ್ತು ಶಾರ್ಜಾದಲ್ಲಿ ಪೊಲೀಸರ 901 ಇದೆ. ಪರ್ಸ್ ಕಳೆದಿದೆ, ಪಕ್ಕದ ಕೋಣೆಯಲ್ಲಿ ಜಗಳ, ಯಾವ ಠಾಣೆಗೆ ಹೋಗಬೇಕು ಎಂಬಂಥವಕ್ಕೆ 999 ಒತ್ತಬೇಡಿ. ಹೆಸರು ಹೇಳಿಕೊಳ್ಳಲು ಹೆದರಿಕೆಯಿದ್ದರೆ ದುಬೈನಲ್ಲಿ ಅಲ್ ಅಮೀನ್ 800 4888, ಅಬುಧಾಬಿಯಲ್ಲಿ ಅಮಾನ್ 800 2626, ಎರಡೂ ಗುಟ್ಟಾಗಿ ಮಾಹಿತಿ ಕೊಡುವ ಸೇವೆಗಳು.

ಗಂಡನ ಮನೆಯಲ್ಲೋ ಕೆಲಸದ ಮನೆಯಲ್ಲೋ ಏಟು ತಿನ್ನುತ್ತಿರುವ ಹೆಣ್ಣುಮಕ್ಕಳು ಈ ಸಾಲನ್ನು ದಯವಿಟ್ಟು ಓದಿಕೊಳ್ಳಿ: ದುಬೈ ಮಹಿಳೆಯರ ಮತ್ತು ಮಕ್ಕಳ ಪ್ರತಿಷ್ಠಾನ 800111. ಅಬುಧಾಬಿಯ ಆಶ್ರಯ ಕೇಂದ್ರಕ್ಕೆ 800 7283. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಒಳಾಡಳಿತ ಸಚಿವಾಲಯದ 116111. ಈ ನಂಬರ್‌ಗಳನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡರೂ ಆದೀತು, ಫೋನಿನಲ್ಲಿ ಇರಲಿ.

ಆಸ್ಪತ್ರೆಯ ವಿಷಯದಲ್ಲಿ ದುಬೈ ಆರೋಗ್ಯ ಪ್ರಾಧಿಕಾರ 800342, ಶಾರ್ಜಾದಿಂದ ಫುಜೈರಾದವರೆಗಿನ ಉತ್ತರದ ಎಮಿರೇಟ್‌ಗಳ ಸರ್ಕಾರಿ ಆಸ್ಪತ್ರೆಗಳಿಗೆ ಎಮಿರೇಟ್ಸ್ ಹೆಲ್ತ್ ಸರ್ವಿಸಸ್ 800 8877. ದುಬೈನಲ್ಲಿ ಅಪಘಾತದ ಗಾಯಾಳುಗಳಿಗೆ ರಶೀದ್ ಆಸ್ಪತ್ರೆ, ಹೆರಿಗೆ ಮತ್ತು ಮಕ್ಕಳಿಗೆ ಲತೀಫಾ ಆಸ್ಪತ್ರೆ. ಕೈಯಲ್ಲಿ ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಇರಲಿ, ವಿಮೆಯ ವಿವರ ಅದಕ್ಕೇ ಜೋಡಿಸಿರುತ್ತದೆ.

ಹಂತ 4: ಐಡಿ ಮತ್ತು ವೀಸಾ

ಎಮಿರೇಟ್ಸ್ ಐಡಿಯ ಹದಿನೈದು ಅಂಕಿಗಳಲ್ಲಿ ಮೊದಲ ಮೂರು ಯಾವಾಗಲೂ 784, ಅದು ದೇಶದ ಗುರುತು. ಮುಂದಿನ ನಾಲ್ಕು ನೀವು ಹುಟ್ಟಿದ ವರ್ಷ. ಹಾಗಾಗಿ ನೆನಪಿಡಬೇಕಾದದ್ದು ಉಳಿದ ಎಂಟು ಮಾತ್ರ. ಅವನ್ನು ಬಾಯಿಪಾಠ ಮಾಡಿ, ಏಕೆಂದರೆ ಯಾವ ಸರ್ಕಾರಿ ನಂಬರ್‌ಗೆ ಕರೆ ಮಾಡಿದರೂ ಕೇಳುವುದು ಅದನ್ನೇ.

ದುಬೈ ವೀಸಾ ಆಗಿದ್ದರೆ ಅಲ್ಲಿನ ವಲಸೆ ಇಲಾಖೆಯಾದ ಜಿಡಿಆರ್‌ಎಫ್‌ಎ, ಜನರ ಬಾಯಲ್ಲಿ ಅಮರ್, 800 5111. ಬೇರೆ ಆರು ಎಮಿರೇಟ್‌ಗಳದ್ದಾಗಿದ್ದರೆ ಗುರುತು ಮತ್ತು ಪೌರತ್ವದ ಫೆಡರಲ್ ಪ್ರಾಧಿಕಾರ ಐಸಿಪಿ, 600 522222. ಎಮಿರೇಟ್ಸ್ ಐಡಿಯ ವಿಚಾರ ಯಾವ ಎಮಿರೇಟ್‌ನವರದ್ದಾದರೂ ಐಸಿಪಿಯೇ. ವೀಸಾ ಮುಗಿದ ಮೇಲೆ ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಾ ಹೋಗುತ್ತದೆ. ಕಂಪನಿಯ ಸರ್ಕಾರಿ ಕಾಗದಪತ್ರ ಓಡಾಡಿಸುವ ಪಿಆರ್‌ಒ 'ನೋಡಿಕೊಳ್ಳುತ್ತೇನೆ' ಎಂದಿದ್ದಾನೆಂದು ಕೈಕಟ್ಟಿ ಕೂರಬೇಡಿ, ನೀವೇ ಕರೆ ಮಾಡಿ ದಿನಾಂಕ ಕೇಳಿ. ಯುಎಇ ಪಾಸ್ ಎಂಬ ಆ್ಯಪನ್ನು ಐಡಿ ಬಂದ ದಿನವೇ ಹಾಕಿಸಿಕೊಳ್ಳಿ. ಅಲ್ಲಿನ ಬಹುತೇಕ ಸರ್ಕಾರಿ ಸೇವೆಗಳ ಕೀಲಿ ಅದು.

ಹಂತ 5: ಸಂಬಳ ಬರದಿದ್ದರೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮವರು ಹೆಚ್ಚು ಕಣ್ಣೀರು ಹಾಕಿದ್ದು ಇಲ್ಲಿಯೇ. ನನ್ನ ಮೊದಲ ಕಂಪನಿ ಮೂರು ತಿಂಗಳು ಸಂಬಳ ಕೊಡಲಿಲ್ಲ. ಪ್ರತಿ ಗುರುವಾರ 'ಮುಂದಿನ ವಾರ' ಎನ್ನುತ್ತಿದ್ದರು. ದೂರು ಕೊಟ್ಟರೆ ವೀಸಾ ರದ್ದು ಮಾಡಿ ಕಳಿಸುತ್ತಾರೆಂಬ ಭಯದಲ್ಲಿ ನಾನು ಯಾರಿಗೂ ಹೇಳಲಿಲ್ಲ. ಮನೆಗೆ ಫೋನ್ ಮಾಡಿ 'ಈ ತಿಂಗಳು ಬ್ಯಾಂಕಿನಲ್ಲಿ ಏನೋ ತೊಂದರೆ' ಎಂದು ಹೇಳುತ್ತಿದ್ದೆ. ಕೊನೆಗೆ ಅದೇ ಕೋಣೆಯ ಒಬ್ಬರು ಕೈಹಿಡಿದು ಎಳೆದುಕೊಂಡು ಹೋಗಿ ದೂರು ಬರೆಸಿದರು. ಮೊದಲೇ ಹೋಗಿದ್ದರೆ ಅಷ್ಟು ಸಾಲ ಆಗುತ್ತಿರಲಿಲ್ಲ.

ಮಾನವ ಸಂಪನ್ಮೂಲ ಸಚಿವಾಲಯದ ಸಾಮಾನ್ಯ ನಂಬರ್ 600 590000. ಕಾರ್ಮಿಕ ದೂರು ಮತ್ತು ಸಲಹೆಗೆ ಪ್ರತ್ಯೇಕವಾದದ್ದು 80084. ಕರೆ ಮಾಡುವ ಮೊದಲು ಇವನ್ನು ಎದುರಿಗಿಟ್ಟುಕೊಳ್ಳಿ: ಲೇಬರ್ ಕಾರ್ಡ್ (ಕೆಲಸದ ಪರವಾನಗಿ) ನಂಬರ್, ಎಮಿರೇಟ್ಸ್ ಐಡಿ, ಒಪ್ಪಂದದ ಪ್ರತಿ, ಸಂಬಳ ಬರುತ್ತಿದ್ದ ಬ್ಯಾಂಕ್ ಖಾತೆಯ ವಿವರ, ಯಾವ ತಿಂಗಳಿಂದ ಎಷ್ಟು ಬಾಕಿ ಎಂಬ ಲೆಕ್ಕ. ಒಪ್ಪಂದ ಕೈಯಲ್ಲಿಲ್ಲದಿದ್ದರೆ ಸಚಿವಾಲಯದ ಆ್ಯಪ್‌ನಲ್ಲಿ ಸಿಗುತ್ತದೆ. ಸಂಬಳ ವೇತನ ಸಂರಕ್ಷಣಾ ವ್ಯವಸ್ಥೆಯ ಮೂಲಕ ಬ್ಯಾಂಕಿಗೆ ಬರಬೇಕೆಂಬ ನಿಯಮ 2009ರಿಂದ ಇದೆ. ಹಾಗಾಗಿ ಮಾಲೀಕ ಕೊಟ್ಟನೋ ಇಲ್ಲವೋ ಎಂಬುದು ಸಚಿವಾಲಯಕ್ಕೆ ತನ್ನ ಪರದೆಯಲ್ಲೇ ಕಾಣುತ್ತದೆ. ಈ ಕಾರಣಕ್ಕೇ ನಗದಾಗಿ ಸಂಬಳ ತೆಗೆದುಕೊಳ್ಳಲು ಒಪ್ಪಬೇಡಿ.

ದೂರು ಬಂದ ಮೇಲೆ ಸಚಿವಾಲಯ ಎರಡೂ ಕಡೆಯವರನ್ನು ಕರೆದು ರಾಜಿಗೆ ಯತ್ನಿಸುತ್ತದೆ. 50,000 ದಿರ್ಹಮ್‌ವರೆಗಿನ ತಕರಾರನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸಬಹುದು. ಅದಕ್ಕೂ ಮೇಲಿನದು ಕೋರ್ಟಿಗೆ ಹೋಗುತ್ತದೆ. 1,00,000 ದಿರ್ಹಮ್‌ವರೆಗಿನ ದಾವೆಗೆ ಕೆಲಸಗಾರ ಕೋರ್ಟ್ ಶುಲ್ಕ ಕಟ್ಟಬೇಕಿಲ್ಲ. ಕೆಲಸ ಮುಗಿದ ಎರಡು ವರ್ಷದೊಳಗೆ ಹಕ್ಕು ಸಾಧಿಸಬೇಕು.

ನಿಮಗೆ ಸಲ್ಲಬೇಕಾದದ್ದು ಎಷ್ಟು ಎಂಬುದೂ ತಿಳಿದಿರಲಿ. 2021ರ 33ನೇ ಫೆಡರಲ್ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಒಂದು ವರ್ಷ ತುಂಬಿಸಿದವರಿಗೆ ಗ್ರ್ಯಾಚುಯಿಟಿ ಬರುತ್ತದೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ, ಆಮೇಲೆ ವರ್ಷಕ್ಕೆ 30 ದಿನಗಳದ್ದು. ಒಪ್ಪಂದ ಮುಗಿದ 14 ದಿನದೊಳಗೆ ಲೆಕ್ಕ ಚುಕ್ತಾ ಆಗಬೇಕು. ಪರೀಕ್ಷಾರ್ಥ ಅವಧಿ ಆರು ತಿಂಗಳಿಗಿಂತ ಹೆಚ್ಚಾಗುವಂತಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಸುವಂತಿಲ್ಲ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ. ಇವುಗಳಲ್ಲಿ ಯಾವುದು ಮುರಿದರೂ ನಂಬರ್ ಅದೇ.

ಫ್ರೀ ಝೋನ್, ಅಂದರೆ ತನ್ನದೇ ಪ್ರಾಧಿಕಾರವಿರುವ ವಿಶೇಷ ವ್ಯಾಪಾರ ವಲಯದ ಕಂಪನಿಯಲ್ಲಿದ್ದರೆ ಮೊದಲು ಆ ಫ್ರೀ ಝೋನ್ ಪ್ರಾಧಿಕಾರದ ಬಾಗಿಲು ತಟ್ಟಿ. ಮನೆಗೆಲಸದವರಿಗೆ, ಮನೆಯ ಡ್ರೈವರ್‌ಗಳಿಗೆ ಬೇರೆಯದೇ ಕಾನೂನು ಇದೆ, ದೂರು ಹೋಗುವುದು ಮಾತ್ರ ಅದೇ ಸಚಿವಾಲಯಕ್ಕೆ. ನಿರುದ್ಯೋಗ ವಿಮೆಯನ್ನು ಮರೆಯಬೇಡಿ. 2023ರಿಂದ ಅದು ಕಡ್ಡಾಯ. ಮೂಲವೇತನ 16,000 ದಿರ್ಹಮ್‌ವರೆಗಿನವರಿಗೆ ತಿಂಗಳಿಗೆ 5 ದಿರ್ಹಮ್. ಕನಿಷ್ಠ ಹನ್ನೆರಡು ತಿಂಗಳು ಕಟ್ಟಿದ್ದು, ನಿಮ್ಮ ತಪ್ಪಿಲ್ಲದೆ ಕೆಲಸ ಹೋದರೆ ಮೂಲವೇತನದ ಶೇ. 60ರಷ್ಟು ಮೂರು ತಿಂಗಳವರೆಗೆ ಬರುತ್ತದೆ, ಆದರೆ ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕಬೇಕು. ಚಹಾದ ದುಡ್ಡಿನಷ್ಟು ಕಟ್ಟದೆ ಇದನ್ನು ಕಳೆದುಕೊಂಡವರಿದ್ದಾರೆ.

ಹಂತ 6: ನಮ್ಮ ದೇಶದ ಕಚೇರಿಗಳು

ಅಬುಧಾಬಿ ಮತ್ತು ಅಲ್ ಐನ್‌ನಲ್ಲಿ ಇರುವವರಿಗೆ ಅಬುಧಾಬಿಯ ಭಾರತೀಯ ರಾಯಭಾರ ಕಚೇರಿ: 02 449 2700. ದುಬೈ, ಶಾರ್ಜಾ, ಅಜ್ಮಾನ್, ಉಮ್ ಅಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾದವರಿಗೆ ಬರ್ ದುಬೈನ ಅಲ್ ಹಮ್ರಿಯಾದಲ್ಲಿರುವ ಕಾನ್ಸುಲೇಟ್: 04 397 1222. ನೀವು ಎಲ್ಲಿ ಮಲಗುತ್ತೀರಿ ಎಂಬುದಕ್ಕಿಂತ ನಿಮ್ಮ ವೀಸಾ ಯಾವ ಎಮಿರೇಟ್‌ನದು ಎಂಬುದನ್ನು ಮೊದಲು ಹೇಳಿ. ರಾತ್ರಿ ಹೊತ್ತಿಗೆ, ರಜೆಯ ದಿನಕ್ಕೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800 46342 ಇದೆ. ಕಾನೂನು ಸಲಹೆ, ಸಂಬಳದ ತಕರಾರು, ಮನೆಯ ಜಗಳ, ಮನಸ್ಸು ಕುಸಿದಾಗ ಮಾತಾಡಲು ಒಂದು ಕಿವಿ, ಎಲ್ಲಕ್ಕೂ ಇದೇ.

ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ವರದಿ, ಆಮೇಲೆ ಪಾಸ್‌ಪೋರ್ಟ್ ಸೇವಾ ಕೇಂದ್ರ. ವರದಿಯಿಲ್ಲದೆ ಹೋದರೆ ಒಂದು ದಿನದ ರಜೆ ವ್ಯರ್ಥ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿಯನ್ನು ಊರಿನಲ್ಲೂ ಇಟ್ಟಿರಿ.

ಸಾವಿನ ವಿಷಯ ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಆ ಹೊತ್ತಿನಲ್ಲಿ ಯಾರಿಗೂ ತಲೆ ಓಡುವುದಿಲ್ಲ, ಅದಕ್ಕೇ ಕ್ರಮವಾಗಿ ಬರೆಯುತ್ತೇನೆ. ಕೋಣೆಯಲ್ಲಿ ಸಾವಾದರೆ ಮೊದಲ ಕರೆ 999ಕ್ಕೆ, ದೇಹವನ್ನು ಮುಟ್ಟಿ ಕದಲಿಸಬೇಡಿ. ಆಸ್ಪತ್ರೆಯಿಂದ ಸಾವಿನ ವರದಿ, ಪೊಲೀಸರಿಂದ ನಿರಾಕ್ಷೇಪಣಾ ಪತ್ರ, ಆರೋಗ್ಯ ಇಲಾಖೆಯಿಂದ ಮರಣ ಪ್ರಮಾಣಪತ್ರ. ಜೊತೆಗೇ ಎಮಿರೇಟ್ಸ್ ಐಡಿ ಮತ್ತು ವೀಸಾ ರದ್ದಾಗಬೇಕು. ಇವುಗಳನ್ನು ಹಿಡಿದು ಕಾನ್ಸುಲೇಟ್‌ಗೆ ಹೋದರೆ ಅವರು ಸಾವನ್ನು ನೋಂದಾಯಿಸಿ, ಪಾಸ್‌ಪೋರ್ಟ್ ರದ್ದು ಮಾಡಿ, ದೇಹವನ್ನು ಊರಿಗೆ ಒಯ್ಯಲು ಅನುಮತಿ ಕೊಡುತ್ತಾರೆ. ಆಮೇಲೆ ದೇಹ ಕೆಡದಂತೆ ಔಷಧ ಹಾಕುವ ಎಂಬಾಮಿಂಗ್. ದುಬೈನಲ್ಲಿ ಇದು ಮುಹೈಸ್ನಾದಲ್ಲಿ, ನಮ್ಮವರು ಸೋನಾಪುರ ಎನ್ನುವ ಕ್ಯಾಂಪ್‌ಗಳ ಕಡೆ. ಅಲ್ಲಿಂದ ವಿಮಾನದ ಕಾರ್ಗೋ. ಅಲ್ಲಿಯೇ ದಹನ ಮಾಡುವುದಾದರೆ ದುಬೈನ ಜೆಬೆಲ್ ಅಲಿಯಲ್ಲಿ ಚಿತಾಗಾರವಿದೆ. ಎರಡಕ್ಕೂ ಊರಿನ ಮನೆಯವರ ಲಿಖಿತ ಒಪ್ಪಿಗೆ ಬೇಕು, ಯಾರ ಹೆಸರಿಗೆ ದೇಹ ಒಪ್ಪಿಸಬೇಕೆಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ನಾನು ನೋಡಿದ ಮಟ್ಟಿಗೆ ದಿನಗಟ್ಟಲೆ ತಡವಾಗುವುದು ಈ ಒಂದು ಕಾಗದದಿಂದ.

ಖರ್ಚಿಗೆ ಮಾಲೀಕನನ್ನು ಕೇಳಿ, ದೇಹವನ್ನು ಊರಿಗೆ ಕಳಿಸುವ ವೆಚ್ಚ ಅವನ ಹೊಣೆ. ಯಾರೂ ದಿಕ್ಕಿಲ್ಲದವರಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಾನ್ಸುಲೇಟ್ ನೆರವಾಗುತ್ತದೆ. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀವೇ ಚಂದಾ ಎತ್ತಬೇಡಿ. ಪರವಾನಗಿಯಿಲ್ಲದೆ ದೇಣಿಗೆ ಸಂಗ್ರಹಿಸುವುದು ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಕ್ಕೆ ಶಿಕ್ಷೆಯಾಗಬಾರದು. ಹಾಗೆಯೇ ಅನುಮತಿಯಿಲ್ಲದೆ ಇನ್ನೊಬ್ಬರ ಫೋಟೋ ತೆಗೆಯುವುದು, ಕರೆಯನ್ನು ಧ್ವನಿಮುದ್ರಿಸುವುದು, ಅಪಘಾತದ ವಿಡಿಯೊ ಹಂಚುವುದು ಕೂಡ.

ಹಂತ 7: ಮನೆ ಮತ್ತು ರಸ್ತೆ

ದುಬೈನಲ್ಲಿ ಕರೆಂಟು, ನೀರು ದೇವಾ ಸಂಸ್ಥೆಯದು. ಹೋದರೆ 991, ಬಿಲ್ಲಿನ ವಿಚಾರಕ್ಕೆ 04 601 9999. ಕರೆ ಮಾಡುವಾಗ ಮೀಟರಿನ ಖಾತೆ ನಂಬರ್ ಕೇಳುತ್ತಾರೆ. ಹೊಸ ಫ್ಲ್ಯಾಟ್‌ಗೆ 2,000 ದಿರ್ಹಮ್ ಠೇವಣಿ, ಬಿಡುವಾಗ ವಾಪಸ್. ಬಾಡಿಗೆ ಒಪ್ಪಂದವನ್ನು ದುಬೈ ಸರ್ಕಾರದ ಬಾಡಿಗೆ ನೋಂದಣಿಯಾದ ಎಜಾರಿಯಲ್ಲಿ ನೋಂದಾಯಿಸದೆ ಹಣ ಕೊಡಬೇಡಿ, ಎಜಾರಿ ಇಲ್ಲದವನ ದೂರನ್ನು ಬಾಡಿಗೆ ವಿವಾದ ಕೇಂದ್ರ ತೆಗೆದುಕೊಳ್ಳುವುದಿಲ್ಲ. ಬಾಡಿಗೆ ಏರಿಸಲು ಮಾಲೀಕ 90 ದಿನ ಮೊದಲೇ ತಿಳಿಸಬೇಕು. ದುಬೈ ಭೂ ಇಲಾಖೆ 800 4488. ತಿಗಣೆ, ಚರಂಡಿ, ಕಸ, ಹೋಟೆಲಿನ ಕೊಳಕಿಗೆ ದುಬೈ ಪುರಸಭೆ 800900. ಅಬುಧಾಬಿಯಲ್ಲಿ ಸರ್ಕಾರದ ಯಾವ ಕೆಲಸವಾದರೂ ತಮ್ಮ್, 800555.

ಬಸ್, ಮೆಟ್ರೊ, ಅವುಗಳ ಟಿಕೆಟ್ ಬದಲಿಗೆ ಬಳಸುವ ನೋಲ್ ಕಾರ್ಡ್, ಸಾಲಿಕ್ ಎಂಬ ರಸ್ತೆ ಸುಂಕವನ್ನು ಬಿಟ್ಟು ರಸ್ತೆಯ ಉಳಿದ ಎಲ್ಲಕ್ಕೂ ದುಬೈನ ಸಾರಿಗೆ ಪ್ರಾಧಿಕಾರ ಆರ್‌ಟಿಎ 800 9090. ಟ್ಯಾಕ್ಸಿಯಲ್ಲಿ ಏನಾದರೂ ಬಿಟ್ಟರೆ ಟ್ಯಾಕ್ಸಿಯ ನಂಬರೋ ರಸೀದಿಯೋ ಬೇಕು, ಆದ್ದರಿಂದ ಹತ್ತಿದ ಕೂಡಲೇ ನಂಬರ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಾರು ಸಣ್ಣದಾಗಿ ತಾಗಿದರೂ ಪೊಲೀಸ್ ವರದಿ ಬೇಕು, ವರದಿಯಿಲ್ಲದೆ ಯಾವ ಗ್ಯಾರೇಜಿನವರೂ ರಿಪೇರಿ ಮಾಡುವಂತಿಲ್ಲ. ಯಾರಿಗೂ ಗಾಯವಾಗಿರದಿದ್ದರೆ ದುಬೈನಲ್ಲಿ ಪೊಲೀಸರ ಆ್ಯಪ್, ಅಪಘಾತದ ವರದಿ ಮಾಡುವ ಸೇವೆಗಳಾದ ರಾಫಿದ್ ಶಾರ್ಜಾದಲ್ಲಿ 800 72343, ಸಾಯಿದ್ ಅಬುಧಾಬಿಯಲ್ಲಿ 800 72233. ದುಬೈ ವಿಮಾನ ನಿಲ್ದಾಣ 04 224 5555.

ಹಂತ 8: ವ್ಯಾಪಾರಕ್ಕೆ ಕೈಹಾಕುವವರಿಗೆ

2021ರ ಜೂನ್‌ನಿಂದ ದುಬೈ ಒಳನಾಡಿನಲ್ಲೂ ಬಹುತೇಕ ವ್ಯವಹಾರಗಳಿಗೆ ಸ್ಥಳೀಯ ಪಾಲುದಾರ ಬೇಕಿಲ್ಲ. ಹಳೆಯ ನಿಯಮ ಹೇಳಿ 'ಅರಬಾಬ್‌ಗೆ', ಅಂದರೆ ಸ್ಥಳೀಯ ಪಾಲುದಾರನಿಗೆ, 'ವರ್ಷಕ್ಕಿಷ್ಟು ಕೊಡಬೇಕು' ಎನ್ನುವ ಮಧ್ಯವರ್ತಿಗಳು ಈಗಲೂ ಇದ್ದಾರೆ. ಹಣ ಎಣಿಸುವ ಮೊದಲು ದುಬೈ ಆರ್ಥಿಕತೆ ಮತ್ತು ಪ್ರವಾಸೋದ್ಯಮ ಇಲಾಖೆಗೆ ಕರೆ ಮಾಡಿ, 600 545555. ಗ್ರಾಹಕರ ದೂರಿಗೂ ಇದೇ ನಂಬರ್, ಅಂಗಡಿಯ ಬಿಲ್ ಕೈಯಲ್ಲಿರಲಿ.

ಆಮದು, ರಫ್ತು, ಗೋದಾಮು ಎಂದಾದರೆ ಫ್ರೀ ಝೋನ್ ಅನುಕೂಲ. 1985ರಲ್ಲಿ ಶುರುವಾದ ಜೆಬೆಲ್ ಅಲಿ ಅದರಲ್ಲಿ ಹಿರಿಯದು. ಊರಿನ ಗೋಡಂಬಿ, ಕಾಫಿ, ಮಸಾಲೆ ಪದಾರ್ಥ ಕಳಿಸುವವರು ಭಾರತ ಮತ್ತು ಯುಎಇ ನಡುವಿನ ಸೆಪಾ ಎಂಬ ವ್ಯಾಪಾರ ಒಪ್ಪಂದವನ್ನು ಓದಿಕೊಳ್ಳಬೇಕು. 2022ರ ಮೇ 1ರಿಂದ ಜಾರಿಯಲ್ಲಿರುವ ಅದರಡಿ ಸುಂಕದ ರಿಯಾಯಿತಿ ಪಡೆಯಲು ಸರಕಿನ ಮೂಲದ ಪ್ರಮಾಣಪತ್ರ ಬೇಕು. ಆ ಕಾಗದ ಇಲ್ಲದ ಸರಕಿಗೆ ರಿಯಾಯಿತಿ ಸಿಗುವುದಿಲ್ಲ. ದುಬೈ ಕಸ್ಟಮ್ಸ್ 800 80080, ದುಬೈ ಚೇಂಬರ್ಸ್ 800 2426237.

ತೆರಿಗೆ ಇಲ್ಲದ ನಾಡು ಎಂಬ ಹಳೆಯ ಮಾತನ್ನು ನಂಬಿ ದಂಡ ಕಟ್ಟಿದವರಿದ್ದಾರೆ. 2018ರಿಂದ ಶೇ. 5 ವ್ಯಾಟ್ ಇದೆ, ವರ್ಷದ ವಹಿವಾಟು 3,75,000 ದಿರ್ಹಮ್ ದಾಟಿದರೆ ನೋಂದಣಿ ಕಡ್ಡಾಯ. 2023ರ ಜೂನ್ 1ರಿಂದ ಈಚೆಗೆ ಶುರುವಾದ ಲೆಕ್ಕವರ್ಷಗಳಿಗೆ 3,75,000 ದಿರ್ಹಮ್ ಮೀರಿದ ಲಾಭದ ಮೇಲೆ ಶೇ. 9 ಕಾರ್ಪೊರೇಟ್ ತೆರಿಗೆ. ಫೆಡರಲ್ ತೆರಿಗೆ ಪ್ರಾಧಿಕಾರ 600 599994. ಕರೆಗೆ ಮೊದಲು ಟ್ರೇಡ್ ಲೈಸೆನ್ಸ್ ನಂಬರ್ ಎದುರಿಗಿರಲಿ.

ಕಚೇರಿಗಳಿಗೆ 2022ರಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಮಧ್ಯಾಹ್ನದವರೆಗೆ ಕೆಲಸ. ಶಾರ್ಜಾದಲ್ಲಿ ಶುಕ್ರವಾರವೂ ರಜೆ. ರಂಜಾನ್ ತಿಂಗಳಲ್ಲಿ ವೇಳೆ ಕಡಿಮೆ. ಕೆಲಸವಾಗಬೇಕಿದ್ದರೆ ಮಂಗಳವಾರ ಬೆಳಿಗ್ಗೆ ಕರೆ ಮಾಡಿ.

ಹಂತ 9: ನಮ್ಮವರು

ಸರ್ಕಾರಿ ನಂಬರ್ ಎತ್ತಿದವರಿಗೆ ನಮ್ಮ ಕಷ್ಟವನ್ನು ಹೇಗೆ ವಿವರಿಸುವುದೆಂದು ತೋಚದಾಗ ಕನ್ನಡದಲ್ಲಿ ಕೇಳಿಸಿಕೊಳ್ಳುವ ಒಬ್ಬರು ಬೇಕು. ಅಬುಧಾಬಿ ಕರ್ನಾಟಕ ಸಂಘ, ಶಾರ್ಜಾ ಕರ್ನಾಟಕ ಸಂಘ, ಬ್ಯಾರೀಸ್ ಕಲ್ಚರಲ್ ಫೋರಂ, ಯುಎಇ ಬಂಟ್ಸ್ ಹೀಗೆ ಹಲವು ಸಂಘಗಳು ಅಲ್ಲಿ ಕೆಲಸ ಮಾಡುತ್ತಿವೆ. ಮಕ್ಕಳಿಗೆ ಅಕ್ಷರ ಕಲಿಸುವ ಕನ್ನಡ ಪಾಠಶಾಲೆ ದುಬೈನಲ್ಲಿದೆ. ರಾಜ್ಯೋತ್ಸವಕ್ಕೆ ಒಮ್ಮೆ ಹೋಗಿ ಬನ್ನಿ, ಊಟ ಮಾಡಿ ಬರುವಾಗ ಪದಾಧಿಕಾರಿಯೊಬ್ಬರ ನಂಬರ್ ತೆಗೆದುಕೊಳ್ಳಿ. ಕಷ್ಟ ಬಂದ ದಿನ ಅಪರಿಚಿತರಾಗಿ ಕರೆ ಮಾಡುವುದಕ್ಕೂ, 'ಅಣ್ಣಾ, ಅವತ್ತು ಸಿಕ್ಕಿದ್ದೆವಲ್ಲ' ಎಂದು ಮಾತು ಶುರುಮಾಡುವುದಕ್ಕೂ ತುಂಬ ವ್ಯತ್ಯಾಸವಿದೆ. ಊರಿನ ಕಡೆ ಮನೆಯವರಿಗೆ ಕರ್ನಾಟಕ ಸರ್ಕಾರದ ಅನಿವಾಸಿ ಭಾರತೀಯ ಸಮಿತಿ ಬೆಂಗಳೂರಿನಲ್ಲಿದೆ.

ಹಂತ 10: ಹಾಳೆ

ಈಗ ಒಂದು ಗಟ್ಟಿ ಹಾಳೆ ತೆಗೆದುಕೊಳ್ಳಿ. ಎಡಗಡೆ ಮೇಲೆ ದೊಡ್ಡದಾಗಿ 999, 998, 997. ಅದರ ಕೆಳಗೆ ನಿಮ್ಮ ಕಟ್ಟಡದ ಮಕಾನಿ ಅಂಕಿ, ಕೆಲಸದ ಜಾಗದ್ದು. ಆಮೇಲೆ 80084, 800 46342, ಕಾನ್ಸುಲೇಟ್ ಅಥವಾ ರಾಯಭಾರ ಕಚೇರಿಯ ನಂಬರ್. ಬಲಗಡೆ ಎಮಿರೇಟ್ಸ್ ಐಡಿ, ಪಾಸ್‌ಪೋರ್ಟ್, ಲೇಬರ್ ಕಾರ್ಡ್ ನಂಬರ್‌ಗಳು, ರಕ್ತದ ಗುಂಪು, ಆಗದ ಔಷಧಿ, ಕಂಪನಿಯ ಹೆಸರು, ಜೊತೆಗಾರರಿಬ್ಬರ ಮೊಬೈಲ್. ವಾಟ್ಸ್‌ಆ್ಯಪ್ ಕರೆ ಅಲ್ಲಿ ನಡೆಯುವುದಿಲ್ಲ, ಆದ್ದರಿಂದ ಮನೆಯವರು ಕರೆಯಬೇಕಾದ ನಂಬರನ್ನು +971 ಸೇರಿಸಿ, ಮುಂದಿನ ಸೊನ್ನೆ ಬಿಟ್ಟು ಬರೆಯಿರಿ.

ಮೂರು ಪ್ರತಿ ಮಾಡಿಸಿ. ಒಂದು ಪರ್ಸಿನಲ್ಲಿ, ಒಂದು ಕೋಣೆಯ ಬಾಗಿಲ ಹಿಂದೆ. ಮೂರನೆಯದನ್ನು ಊರಿನ ಮನೆಯಲ್ಲಿ ಕ್ಯಾಲೆಂಡರ್ ನೇತುಹಾಕಿದ ಮೊಳೆಗೇ ಸಿಕ್ಕಿಸಿ, ಯಾವ ಸಾಲು ಏನೆಂದು ಅಮ್ಮನಿಗೋ ಹೆಂಡತಿಗೋ ಒಮ್ಮೆ ಓದಿ ಹೇಳಿ ಹೊರಡಿ.